ಅರವತ್ತೇಳು ಡಿಗ್ರಿಯ ಲೆಕ್ಕ

ಪರಊರಿನಲ್ಲಿ ಎಷ್ಟೇ ವರ್ಷ ಇದ್ದರೂ ಮನುಷ್ಯ ಎರಡು ಕೆಲಸಗಳನ್ನು ತನ್ನ ಭಾಷೆಯಲ್ಲೇ ಮಾಡುತ್ತಾನಂತೆ. ಒಂದು ಬೈಯುವುದು, ಇನ್ನೊಂದು ಎಣಿಸುವುದು. ಪುಣೆಯ ರಿಕ್ಷಾದವರ ಜೊತೆ ಮೂವತ್ತು ವರ್ಷ ವ್ಯವಹರಿಸಿದ ಮೇಲೆ ನನ್ನ ಬೈಗುಳವೆಲ್ಲ ಮರಾಠಿಯಾಗಿದೆ. ಎಣಿಕೆ ಮಾತ್ರ ಧಾರವಾಡದ್ದೇ ಉಳಿದಿದೆ.

1996ರಲ್ಲಿ ಬ್ಯಾಂಕು ನನ್ನನ್ನು ಹುಬ್ಬಳ್ಳಿಯಿಂದ ಪುಣೆಗೆ ವರ್ಗ ಮಾಡಿತು. ಎರಡು ವರ್ಷದ ಮಾತಿಗೆ ಬಂದವನು ಇಲ್ಲೇ ನಿವೃತ್ತನಾದೆ. ಕೌಂಟರಿನಲ್ಲಿ ಗಿರಾಕಿ ಮರಾಠಿಯಲ್ಲಿ ಮೊತ್ತ ಹೇಳುತ್ತಿದ್ದ, ಮೇಲಧಿಕಾರಿ ಇಂಗ್ಲಿಷಿನಲ್ಲಿ ಕೇಳುತ್ತಿದ್ದ, ನಾನು ನೋಟನ್ನು ಕನ್ನಡದಲ್ಲಿ ಎಣಿಸುತ್ತಿದ್ದೆ. ಮೊದಮೊದಲು ಒಂದು ತೊಡಕಾಯಿತು. ನಾವು ಅರವತ್ತೇಳು ಎನ್ನುವಾಗ ಅರವತ್ತು ಮುಂದೆ, ಏಳು ಹಿಂದೆ. ಬರೆದ ಕ್ರಮದಲ್ಲೇ ಬಾಯಿಗೆ ಬರುತ್ತದೆ. ಮರಾಠಿಯವರು 'ಸದುಸಷ್ಟ' ಎನ್ನುತ್ತಾರೆ. ಅಲ್ಲಿ ಏಳು ಮುಂದೆ, ಅರವತ್ತು ಹಿಂದೆ. ಗಿರಾಕಿಯ ಮಾತು ಮುಗಿಯುವವರೆಗೂ ಕಾಯ್ದು, ಅಂಕಿಯನ್ನು ತಿರುಗಿಸಿ, ಕನ್ನಡಕ್ಕೆ ತಂದುಕೊಂಡು ಎಣಿಸಬೇಕು. ಆರು ತಿಂಗಳಲ್ಲಿ ರೂಢಿಯಾಯಿತೆನ್ನಿ. ಆದರೆ ಆ ತಿರುಗಿಸುವ ಕೆಲಸ ನಿವೃತ್ತಿಯ ದಿನದವರೆಗೂ ತಲೆಯೊಳಗೆ ನಡೆದೇ ಇತ್ತು.

ನನ್ನ ಮಗನಿಗೆ ಈ ತೊಂದರೆ ಇರಲಿಲ್ಲ. ಪುಣೆಗೆ ಬಂದಾಗ ಅವನಿಗೆ ಆರು ವರ್ಷ. ಶಾಲೆಯಲ್ಲಿ ಇಂಗ್ಲಿಷು, ಓಣಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಮನೆಯ ಕನ್ನಡ ಎಂದರೆ ಅಡುಗೆಮನೆಯ ಕನ್ನಡ. ರೊಟ್ಟಿ, ಪಲ್ಯ, ಹಸಿವು, ಸಿಟ್ಟು ಎಲ್ಲ ಅದರಲ್ಲಿ ಇದ್ದವು. ಇಪ್ಪತ್ತರ ಮೇಲಿನ ಅಂಕಿಗಳಿರಲಿಲ್ಲ. ಮಗ್ಗಿಯನ್ನು ಅವನು ಇಂಗ್ಲಿಷಿನಲ್ಲೇ ಕಲಿತ. ನಾವು ಹೊರನಾಡಿನವರು ಮಕ್ಕಳಿಗೆ ಕನ್ನಡ ಬರುತ್ತದೆ ಎಂದು ಊರಲ್ಲಿ ಹೇಳಿಕೊಳ್ಳುವಾಗ ಅದು ಎಲ್ಲಿಯವರೆಗೆ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

2014ರಲ್ಲಿ ಅವನು ಅಮೆರಿಕಕ್ಕೆ, ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿಗೆ ಹೋದ. ಮುಂದೆ ಮದುವೆಯಾಯಿತು, 2018ರಲ್ಲಿ ಮೊಮ್ಮಗಳು ಹುಟ್ಟಿದಳು. ಫೋನಿನ ಮಾತು ಮಾತ್ರ ವರ್ಷದಿಂದ ವರ್ಷಕ್ಕೆ ಚಿಕ್ಕದಾಯಿತು. 'ಊಟ ಆತೇನು?' 'ಆತು.' 'ಅಲ್ಲಿ ಥಂಡಿ ಐತೇನು?' 'ಐತಿ.' ಆಮೇಲೆ ಫೋನು ಅವರವ್ವನ ಕೈಗೆ. ಮಾತು ಬೇಡವೆಂದಲ್ಲ, ಆಡುವ ವಿಷಯ ಇರಲಿಲ್ಲ, ಅಷ್ಟೇ.

ವಿಷಯ ಸಿಕ್ಕಿದ್ದು 2021ರಲ್ಲಿ. ಎಂಥ ವಿಷಯ ಎಂದರೆ ಹೇಳಲು ಈಗಲೂ ಸ್ವಲ್ಪ ಸಂಕೋಚ. ಮಗ ಮನೆಯಲ್ಲಿ ಬಿಯರ್ ಮಾಡಲು ಹೊರಟಿದ್ದ.

'ಅಪ್ಪಾ, ನಿನಗ ಲೆಕ್ಕ ಛಲೋ ಬರತೈತಲ್ಲ, ನೀರಿಂದು ಒಂದು ಲೆಕ್ಕ ಐತಿ' ಎಂದು ಶುರು ಮಾಡಿದ. ನಮ್ಮ ಮನೆತನದಲ್ಲಿ ಸೆರೆ ಮುಟ್ಟಿದವರಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಕೃಷಿ ಸಾಲ ನೋಡುತ್ತಿದ್ದೆ. ಎತ್ತಿನ ಸಾಲದ ದುಡ್ಡು ಸಾರಾಯಿ ಅಂಗಡಿಯ ದಾರಿ ಹಿಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಾಗ ಪುಣೆಯಲ್ಲಿ ಕೂತು ಸಂತೋಷಪಟ್ಟವನು ನಾನು. ಹಾಗಾಗಿ ಮೊದಲು ಕೇಳಿದ್ದು, 'ಅದು ಕಾಯ್ದೆಬದ್ಧ ಐತೇನು?' ಎಂದು. ಐತಿ ಎಂದ. ಅಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ ಮನೆಬಳಕೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ವಯಸ್ಕರಿರುವ ಮನೆಯಾದರೆ 200 ಗ್ಯಾಲನ್ ತನಕ ತೆರಿಗೆ ಇಲ್ಲದೆ ಮಾಡಿಕೊಳ್ಳಬಹುದು. ನಮ್ಮ ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಲೈಸೆನ್ಸಿಲ್ಲದೆ ಮನೆಯಲ್ಲಿ ಮಾಡಿದರೆ ಅಪರಾಧ. ಆದ್ದರಿಂದ ಓದುಗರು ದಯವಿಟ್ಟು ಮುಂದಿನ ಲೆಕ್ಕವನ್ನು ಲೆಕ್ಕವೆಂದೇ ಓದಬೇಕು.

ಲೆಕ್ಕ ನೋಡಿದೆ. ಬಿಡಲಾಗಲಿಲ್ಲ.

ಬಿಯರಿಗೆ ಬೇಕಾದದ್ದು ಮಾಲ್ಟು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿ. ನಮ್ಮಲ್ಲಿ ರಾಗಿಗೆ ಮಾಡುವುದಿಲ್ಲವೇ, ಅದೇ. ಅಂಗಡಿಯಲ್ಲಿ ಸಿಗುವ ಮಾಲ್ಟಿನ ಪಾಕ ತಂದು ಸುಲಭವಾಗಿ ಮಾಡುವವರಿದ್ದಾರೆ. ಅದು ಇಡ್ಲಿ ಮಿಕ್ಸ್ ತಂದ ಹಾಗೆ. ಕಾಳನ್ನೇ ಒಡೆದು, ಬಿಸಿ ನೀರಲ್ಲಿ ನೆನೆಸಿ, ಸಿಹಿ ರಸ ತೆಗೆಯುವುದಕ್ಕೆ ಆಲ್ ಗ್ರೇನ್ ಎನ್ನುತ್ತಾರೆ. ಅದು ಮನೆಯಲ್ಲೇ ಹಿಟ್ಟು ರುಬ್ಬಿದ ಹಾಗೆ. ನನ್ನ ಮಗ ಎರಡನೆಯದಕ್ಕೇ ಕೈ ಹಾಕಿದ್ದ. ಅದರಲ್ಲಿ ಎರಡು ಪ್ರಶ್ನೆ. ಒಟ್ಟು ನೀರು ಎಷ್ಟು? ಆ ನೀರು ಎಷ್ಟು ಬಿಸಿ ಇರಬೇಕು?

ಅವನ ಕಾಗದದಲ್ಲಿ ಎಲ್ಲ ಗ್ಯಾಲನ್ನು, ಪೌಂಡು, ಫ್ಯಾರನ್‌ಹೀಟು. ನಾನು ಮೊದಲು ಅದನ್ನೆಲ್ಲ ಲೀಟರು, ಕಿಲೋ, ಸೆಲ್ಸಿಯಸ್ಸಿಗೆ ತಂದೆ. ಕೊನೆಗೆ ಹುದುಗು ಬರಲು ಡಬ್ಬಿಗೆ ಹಾಕಬೇಕಾದದ್ದು 5 ಗ್ಯಾಲನ್, ಅಂದರೆ 19 ಲೀಟರ್. ಕಾಳು 11 ಪೌಂಡು, ಅಂದರೆ 5 ಕಿಲೋ.

ಬ್ಯಾಂಕಿನವರು ಕ್ಲೋಸಿಂಗ್ ಬ್ಯಾಲೆನ್ಸಿನಿಂದ ಹಿಂದಕ್ಕೆ ಹೋಗಿ ಓಪನಿಂಗ್ ಬ್ಯಾಲೆನ್ಸ್ ತೆಗೆಯುತ್ತಾರೆ. ಇಲ್ಲೂ ಹಾಗೇ ಮಾಡಬೇಕು. ಡಬ್ಬಿಗೆ 19 ಲೀಟರ್. ಕುದಿಸಿದ ಪಾತ್ರೆಯ ತಳದಲ್ಲಿ ಗಸಿಯ ಜೊತೆ ಉಳಿಯುವುದು ಒಂದೂವರೆ. ಒಟ್ಟು 20.5. ಆದರೆ ಇದು ತಣ್ಣಗಾದ ಮೇಲಿನ ಅಳತೆ. ಕುದಿಯುವ ನೀರು ತಣಿದಾಗ ನೂರಕ್ಕೆ ನಾಲ್ಕರಷ್ಟು ಕುಗ್ಗುತ್ತದೆ. ಹಾಗಾಗಿ ಒಲೆ ಆರಿಸುವಾಗ 21.35 ಇರಬೇಕು. ಒಂದು ತಾಸು ಕುದಿಸಿದರೆ ಅವನ ಪಾತ್ರೆಯಲ್ಲಿ 4 ಲೀಟರ್ ಆವಿಯಾಗುತ್ತದೆ. ಅಂದರೆ ಕುದಿಸಲು ಇಡುವಾಗ 25.35. ಕಾಳು ಕುಡಿದು ಮರಳಿ ಕೊಡದ ನೀರು ಕಿಲೋಗೆ ಸುಮಾರು ಒಂದು ಲೀಟರ್, ಅಲ್ಲಿಗೆ 5. ನೆನೆಸಿದ ಪೆಟ್ಟಿಗೆಯ ನಲ್ಲಿಯ ಕೆಳಗೆ ನಿಂತುಬಿಡುವುದು 1. ಎಲ್ಲ ಕೂಡಿ 31.35 ಲೀಟರ್. ಹತ್ತೊಂಬತ್ತು ಸಿಗಬೇಕಾದರೆ ಮೂವತ್ತೊಂದು ಬೇಕು. ಸಾಲ ಮಂಜೂರಾದದ್ದಕ್ಕೂ ಕೈಗೆ ಬಂದದ್ದಕ್ಕೂ ಇರುವ ವ್ಯತ್ಯಾಸ ನಮಗೆ ಹೊಸದಲ್ಲ.

ಇದನ್ನು ಎರಡು ಕಂತಿನಲ್ಲಿ ಹಾಕಬೇಕು. ಮೊದಲ ಕಂತು ನೆನೆಸಲು, ಕಿಲೋಗೆ 3 ಲೀಟರಿನಂತೆ 15. ಅದರಲ್ಲಿ ಕಾಳು ಐದು, ಪೆಟ್ಟಿಗೆ ಒಂದು ಹಿಡಿದುಕೊಂಡು 9 ಲೀಟರ್ ಹೊರಗೆ ಬರುತ್ತದೆ. ಉಳಿದ 16.35 ಲೀಟರನ್ನು ಎರಡನೇ ಕಂತಾಗಿ ಕಾಳಿನ ಮೇಲೆ ಹುಯ್ದು, ಅಂಟಿಕೊಂಡ ಸಿಹಿಯನ್ನು ತೊಳೆದು ತೆಗೆಯಬೇಕು. ಇದಕ್ಕೆ ಸ್ಪಾರ್ಜ್ ಎನ್ನುತ್ತಾರೆ. ಒಂಬತ್ತಕ್ಕೆ ಇದನ್ನು ಕೂಡಿಸಿದರೆ 25.35, ತಾಳೆ ಆಯಿತು. ಎರಡನೇ ನೀರು 77 ಡಿಗ್ರಿ ದಾಟಬಾರದು, ದಾಟಿದರೆ ಸಿಪ್ಪೆಯ ಒಗರು ಇಳಿಯುತ್ತದೆ. ಚಹಾಪುಡಿಯನ್ನು ಹೆಚ್ಚು ಕುದಿಸಿದ ಹಾಗೆ.

ಇನ್ನು ಬಿಸಿಯ ಲೆಕ್ಕ. ಕಾಳು ನೀರು ಕೂಡಿದ ಮೇಲೆ ಆ ಗಂಜಿ 67 ಡಿಗ್ರಿಯಲ್ಲಿ ಒಂದು ತಾಸು ನಿಲ್ಲಬೇಕು. ಯಾಕೆ ಅರವತ್ತೇಳೇ ಎಂದು ಕೇಳಿದೆ. ಮೊಳಕೆಯಲ್ಲಿ ಎರಡು ಕಿಣ್ವಗಳಿವೆ, ಇಬ್ಬರು ಗುಮಾಸ್ತರಿದ್ದ ಹಾಗೆ. ಒಬ್ಬ ಪಿಷ್ಟದ ಸರವನ್ನು ತುದಿಯಿಂದ ಎರಡೆರಡೇ ಮಣಿಯಂತೆ ಬಿಡಿಸುತ್ತಾನೆ. ಅವನಿಗೆ 65ರ ಒಳಗೆ ಹಿತ, ಅದರ ಮೇಲೆ ಬೇಗ ಸುಸ್ತಾಗುತ್ತಾನೆ. ಇನ್ನೊಬ್ಬ ನಡುವೆ ಎಲ್ಲೆಂದರಲ್ಲಿ ಕತ್ತರಿಸುತ್ತಾನೆ. ಅವನಿಗೆ 70ರ ಸುತ್ತ ಹುರುಪು. ತಣ್ಣಗೆ ಇಟ್ಟರೆ ಮೊದಲನೆಯವನ ಕೈ ಮೇಲಾಗಿ, ಯೀಸ್ಟು ಎಲ್ಲ ಸಕ್ಕರೆ ತಿಂದು ಬಿಯರು ತೆಳ್ಳಗೆ ಆಗುತ್ತದೆ. ಬಿಸಿ ಹೆಚ್ಚಾದರೆ ಯೀಸ್ಟಿಗೆ ತಿನ್ನಲಾಗದ ದೊಡ್ಡ ತುಂಡುಗಳು ಉಳಿದು ದಪ್ಪಗೆ, ಸಿಹಿಯಾಗಿ ಉಳಿಯುತ್ತದೆ. 67ರಲ್ಲಿ ಇಬ್ಬರೂ ಕುರ್ಚಿಯಲ್ಲಿರುತ್ತಾರೆ.

ಕಾಳು ತಣ್ಣಗಿರುತ್ತದೆ, ಆದ್ದರಿಂದ ನೀರು 67ಕ್ಕಿಂತ ಬಿಸಿ ಇರಬೇಕು. ಎಷ್ಟು? ನಮ್ಮ ಮನೆಯ ಹಂಡೆಯ ಮುಂದೆ ಕೂತು ಅವ್ವ ಮೊಣಕೈ ಅದ್ದಿ ನೀರು ಬೆರೆಸುತ್ತಿದ್ದಳಲ್ಲ, ಅದೇ ಲೆಕ್ಕ. ಬ್ಯಾಂಕಿನವರಿಗೆ ಅದು ಪ್ರಾಡಕ್ಟ್ ಪದ್ಧತಿ. ಬಡ್ಡಿಗೆ ನಾವು ಬಾಕಿಯನ್ನು ದಿನದಿಂದ ಗುಣಿಸುತ್ತಿದ್ದೆವು. ಇಲ್ಲಿ ನೀರನ್ನು ಡಿಗ್ರಿಯಿಂದ ಗುಣಿಸಬೇಕು. ಕಾಳಿಗೆ ಮಾತ್ರ ಪೂರ್ತಿ ಬೆಲೆ ಇಲ್ಲ. ಬಿಸಿ ಹಿಡಿಯುವುದರಲ್ಲಿ ಒಂದು ಕಿಲೋ ಕಾಳು 0.41 ಲೀಟರ್ ನೀರಿಗೆ ಸಮ. ದಾಸ್ತಾನಿನ ಮೇಲೆ ಸಾಲ ಕೊಡುವಾಗ ಮಾರ್ಜಿನ್ ಕಳೆಯುತ್ತೇವಲ್ಲ, ಹಾಗೆ 5 ಕಿಲೋ ಕಾಳು ನಮ್ಮ ಖಾತೆಯಲ್ಲಿ 2.05 ಮಾತ್ರ. ಕಾಳು 20 ಡಿಗ್ರಿಯಲ್ಲಿದ್ದರೆ ನೀರು 73.4 ಡಿಗ್ರಿ ಇರಬೇಕು. ತಾಳೆ ನೋಡಿ: 15 ಗುಣಿಸು 73.4, ಅದು 1101. 2.05 ಗುಣಿಸು 20, ಅದು 41. ಕೂಡಿದರೆ 1142. ಅದನ್ನು 17.05ರಿಂದ ಭಾಗಿಸಿದರೆ 67. ಚಳಿಗಾಲದಲ್ಲಿ ಅವನ ಗ್ಯಾರೇಜಿನ ಕಾಳು 10 ಡಿಗ್ರಿಗೆ ಇಳಿದರೆ ನೀರು 74.8ಕ್ಕೆ ಏರಬೇಕು.

ಲೆಕ್ಕ ಕಾಗದದಲ್ಲಿ ಬಂದ ಮಾತ್ರಕ್ಕೆ ನಂಬುವ ಜಾತಿ ನಮ್ಮದಲ್ಲ. ನಮ್ಮ ಅಡುಗೆಮನೆಯಲ್ಲೇ ಇನ್‌ಸ್ಪೆಕ್ಷನ್ ಮಾಡಿದೆ. ಅರ್ಧ ಕಿಲೋ ಒಡೆದ ಗೋಧಿ, ಒಂದೂವರೆ ಲೀಟರ್ ನೀರು, ಒಂದು ಥರ್ಮಾಮೀಟರು. ಮೊದಲು ನೀರು ಕುದಿಸಿ ನೋಡಿದರೆ 98 ಡಿಗ್ರಿ ಮಾತ್ರ. ಯಂತ್ರ ಕೆಟ್ಟದ್ದಲ್ಲ, ಪುಣೆ ಸಮುದ್ರಮಟ್ಟದಿಂದ 560 ಮೀಟರ್ ಮೇಲಿದೆ, ಇಲ್ಲಿ ನೀರು ಅಲ್ಲೇ ಕುದಿಯುತ್ತದೆ. ಮಗನ ಊರು ಸಮುದ್ರಮಟ್ಟದ ಹತ್ತಿರ, ಅಲ್ಲಿ ನೂರು. ಆಮೇಲೆ 73.4ರ ನೀರಿಗೆ 28 ಡಿಗ್ರಿಯ ಗೋಧಿ ಹಾಕಿದೆ. ಲೆಕ್ಕದ ಪ್ರಕಾರ 68ರ ಹತ್ತಿರ ಬರಬೇಕು, ಬಂದದ್ದು 66. ಉಳಿದದ್ದನ್ನು ಸ್ಟೀಲು ಪಾತ್ರೆ ತಿಂದಿತ್ತು. ಇದಕ್ಕೆ ಸರ್ವಿಸ್ ಚಾರ್ಜ್ ಎಂದು ಹೆಸರಿಟ್ಟು, ಕಾಳು ಹಾಕುವ ಮೊದಲು ಪೆಟ್ಟಿಗೆಯನ್ನು ಬಿಸಿ ನೀರಿನಿಂದ ಕಾಯಿಸಿಕೋ ಎಂದು ಮಗನಿಗೆ ಬರೆದೆ.

'ಅಲ್ರೀ, ಈ ವಯಸ್ಸಿನಾಗ ಇದೇನು ಹಚ್ಚೀರಿ?' ಎಂದಳು ನನ್ನಾಕೆ. ಗೋಧಿ ಮೊಳಕೆಯದಲ್ಲ, ಆದ್ದರಿಂದ ಅದರಿಂದ ಏನೂ ಆಗುವುದಿಲ್ಲ ಎಂದು ವಿವರಿಸಿದೆ. ಅವಳು ಪಾತ್ರೆ ಎತ್ತಿಕೊಂಡು ಹೋಗಿ, ಬೆಲ್ಲ ಕೊಬ್ಬರಿ ಗಸಗಸೆ ಹಾಕಿ ಹುಗ್ಗಿ ಮಾಡಿದಳು. ನಮ್ಮ ಮನೆಯ ಪ್ರಯೋಗ ಅಲ್ಲಿಗೆ ಸಂಪನ್ನ.

ಹೀಗೆ ತಿಂಗಳಿಗೊಂದು ಶನಿವಾರ ನಮ್ಮ ಕೆಲಸ ಶುರುವಾಯಿತು. ಅಲ್ಲಿ ಬೆಳಿಗ್ಗೆ ಒಂಬತ್ತು, ಇಲ್ಲಿ ರಾತ್ರಿ ಒಂಬತ್ತೂವರೆ. ಚಳಿಗಾಲದಲ್ಲಿ ಅವರು ಗಡಿಯಾರ ಹಿಂದಿಟ್ಟಾಗ ಹತ್ತೂವರೆ. ನಾನು ಒಂದೇ ಕರಾರು ಹಾಕಿದ್ದೆ: ಥರ್ಮಾಮೀಟರಿನ ಅಂಕಿ ಕನ್ನಡದಲ್ಲಿ ಹೇಳಬೇಕು. ಇಲ್ಲವಾದರೆ ನನಗೆ ಲೆಕ್ಕ ಓಡುವುದಿಲ್ಲ ಎಂದೆ. ಅದು ಪೂರ್ತಿ ಸುಳ್ಳೂ ಅಲ್ಲ. ಮೊದಮೊದಲು 'ಎಪ್ಪತ್ತು... ಎಪ್ಪತ್ತ್... ತ್ರೀ' ಎನ್ನುತ್ತಿದ್ದ. ನಾಲ್ಕು ತಿಂಗಳಲ್ಲಿ 'ಎಪ್ಪತ್ಮೂರು ಪಾಯಿಂಟ್ ನಾಕ' ಎಂಬುದು ತಡವರಿಸದೆ ಬರತೊಡಗಿತು.

ಒಮ್ಮೆ ಚಳಿಗಾಲದಲ್ಲಿ ಅವಸರಕ್ಕೆ ಪೆಟ್ಟಿಗೆ ಕಾಯಿಸದೇ ಕಾಳು ಹಾಕಿದ. 'ಅಪ್ಪಾ, ಅರವತ್ನಾಕ ಬಂತು' ಎಂದ. ಮೂರು ಡಿಗ್ರಿ ಕೊರತೆ. ಮೂರನ್ನು 17.05ರಿಂದ ಗುಣಿಸಿ, ನೂರಕ್ಕೂ ಅರವತ್ತೇಳಕ್ಕೂ ಇರುವ ಅಂತರ 33ರಿಂದ ಭಾಗಿಸಿದರೆ 1.55. 'ಒಂದೂವರೆ ಲೀಟರಿಗೆ ತುಸು ಹೆಚ್ಚು ಕುದಿಯೋ ನೀರು ಹಾಕು, ಕಲಸು, ಎರಡನೇ ನೀರಿನಾಗ ಅಷ್ಟೇ ಕಳಿ' ಎಂದೆ. ಎರಡನೇ ಕಂತು 14.8ಕ್ಕೆ ಇಳಿಯಿತು, ಒಟ್ಟು ಮೊತ್ತ ಬದಲಾಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಆ ಕಡೆಯಿಂದ, 'ಅರವತ್ತೇಳು, ಅಪ್ಪಾ.' ಹದಿಮೂರೂವರೆ ತಾಸಿನ ದೂರದಲ್ಲಿ ಒಂದು ಖಾತೆ ತಾಳೆಯಾದ ಸಂತೋಷ ಬ್ಯಾಂಕಿನವರಿಗಷ್ಟೇ ಗೊತ್ತು.

ನನ್ನ ಎರಡನೇ ಕರಾರು ದಾಸ್ತಾನು ಪುಸ್ತಕ. 19 ಲೀಟರ್ ಎಂದರೆ 355 ಮಿಲಿಯ 53 ಬಾಟಲಿ. ಗೆಳೆಯರಿಗೆ ಎಷ್ಟು, ಸ್ವಂತಕ್ಕೆ ಎಷ್ಟು, ಬಾಕಿ ಎಷ್ಟು, ಮೂರು ಕಾಲಮ್ಮು. ನಗುತ್ತಲೇ ಒಪ್ಪಿದ, ವಾರವಾರ ಬರೆದು ಕಳಿಸುತ್ತಿದ್ದ. ಸ್ವಂತಕ್ಕೆ ವಾರಕ್ಕೆ ಮೂರು, ಹೆಚ್ಚೆಂದರೆ ನಾಲ್ಕು. ಮಿಕ್ಕದ್ದೆಲ್ಲ ಆಫೀಸಿನ ಗೆಳೆಯರಿಗೆ.

2023ರ ಮಾರ್ಚಿನಲ್ಲಿ ಆ ಪುಸ್ತಕ ಬೇರೆ ಮಾತು ಹೇಳಿತು. ಗೆಳೆಯರ ಕಾಲಮ್ಮು ಐದು ವಾರ ಖಾಲಿ. ಐವತ್ಮೂರೂ ಮುಗಿದಿದ್ದವು. ಸಾಲಗಾರ ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳುವುದು ಕೊನೆಗೆ. ಖಾತೆ ಅದನ್ನು ಮೂರು ತಿಂಗಳು ಮೊದಲೇ ಹೇಳಿರುತ್ತದೆ. ಮೂವತ್ತೇಳು ವರ್ಷದಲ್ಲಿ ನಾನು ಕಲಿತದ್ದರ ಸಾರ ಅಷ್ಟೇ. ಫೋನು ಮಾಡಿದೆ. ಕುಡಿತದ ಮಾತು ಎತ್ತಲಿಲ್ಲ. 'ಆಫೀಸಿನ ಗೆಳೆಯಾರು ಯಾಕ ಬರವಲ್ರು?' ಎಂದೆ.

ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ, 'ಆಫೀಸ ಇಲ್ಲಪಾ' ಎಂದ. ಜನವರಿಯಲ್ಲೇ ಕೆಲಸ ಹೋಗಿತ್ತು. ಆ ವರ್ಷ ಅಲ್ಲಿನ ಎಷ್ಟೋ ಕಂಪನಿಗಳು ಜನರನ್ನು ತೆಗೆದಿದ್ದವು. ಸೊಸೆಯ ಕೆಲಸ ಇದ್ದದ್ದರಿಂದ ವೀಸಾ ಹೇಗೋ ನಿಂತಿತ್ತು. ನಮಗೆ ಹೇಳಿದರೆ ಅವರವ್ವನ ಬಿ.ಪಿ. ಏರುತ್ತದೆಂದು ಮುಚ್ಚಿಟ್ಟಿದ್ದ. ಅಂದು ಒಂದು ತಾಸು ಮಾತಾಡಿದೆವು. ಕನ್ನಡ ಸಿಗದ ಕಡೆ ಮರಾಠಿ, ಮರಾಠಿ ಸಿಗದ ಕಡೆ ಇಂಗ್ಲಿಷು. ಕೊನೆಗೆ ಅವನೇ, 'ಕೆಲಸ ಸಿಗೂ ತನಕ ಪಾತ್ರಿ ಒಲಿ ಮ್ಯಾಲ ಇಡಂಗಿಲ್ಲ' ಎಂದ. 'ಶನಿವಾರ ಫೋನು ಮಾತ್ರ ಇರ್ಲಿ' ಎಂದೆ.

ಮೇ ತಿಂಗಳಲ್ಲಿ ನಾವಿಬ್ಬರೂ ಅಲ್ಲಿಗೆ ಹೋದೆವು. ಆಗಸ್ಟಿನಲ್ಲಿ ಅವನಿಗೆ ಬೇರೆ ಕೆಲಸ ಸಿಕ್ಕಿತು. ನಾವು ಹೊರಡುವ ಮೊದಲಿನ ಶನಿವಾರ ಪಾತ್ರೆ ಒಲೆಯ ಮೇಲೆ ಬಂತು. ಕಾಗದದ ಮೇಲೆ ಎರಡು ವರ್ಷ ಕಂಡದ್ದನ್ನು ಆಗ ಕಣ್ಣಿನಿಂದ ಕಂಡೆ: ಪಿಕ್ನಿಕ್ಕಿಗೆ ಒಯ್ಯುವ ಕೂಲರ್ ಪೆಟ್ಟಿಗೆ, ಅದಕ್ಕೆ ಕೂರಿಸಿದ ನಲ್ಲಿ, ಒಡೆದ ಜವೆಗೋಧಿಯ ಬೆಚ್ಚಗಿನ ವಾಸನೆ. ನಮ್ಮ ಊರಿನ ಸುಗ್ಗಿಯಲ್ಲಿ ಹೊಸ ಕಾಳು ಹುರಿದಾಗ ಬರುವಂಥದೇ. ನಲ್ಲಿ ತಿರುಗಿಸಿದರೆ ಜೇನು ಬಣ್ಣದ ರಸ. ಇನ್ನೂ ಯೀಸ್ಟು ಬಿದ್ದಿಲ್ಲ, ಮದ್ಯವಾಗಿಲ್ಲ. ಆದ್ದರಿಂದ ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಬೆಲ್ಲ ಹಾಕಿದ ರಾಗಿ ಮಾಲ್ಟಿನ ರುಚಿ. ನನ್ನಾಕೆಯೂ ನೆಕ್ಕಿ ನೋಡಿ, 'ಇಷ್ಟ ಛಲೋ ಇದ್ದದ್ದನ್ನ ಯಾಕ ಕೆಡಸ್ತೀರಿ?' ಎಂದಳು. ಅದಕ್ಕೆ ನಮ್ಮಿಬ್ಬರ ಹತ್ತಿರವೂ ಉತ್ತರ ಇರಲಿಲ್ಲ.

ಆ ದಿನ ಥರ್ಮಾಮೀಟರು ಹಿಡಿದವಳು ಐದು ವರ್ಷದ ಮೊಮ್ಮಗಳು. ಅವಳಿಗೆ ಅಂಕಿ ಗುರುತಿಸಲು ಬರುತ್ತಿತ್ತು. ಮಗ ಪಕ್ಕದಲ್ಲಿ ಕೂತು ಒಂದೊಂದೇ ಹೇಳಿಕೊಡುತ್ತಿದ್ದ: 'ಸಿಕ್ಸ್ಟಿ ಅಂದ್ರ ಅರವತ್ತು. ಅದರ ಹಿಂದ ಏಳು. ಕೂಡಿಸಿ ಅನ್ನು.' ಪುಣೆಯಲ್ಲಿ ನಾನು ಅವನಿಗೆ ಕಲಿಸದೇ ಉಳಿದ ಅಂಕಿಗಳು ಅವು. ಅವನು ತನ್ನ ಮಗಳಿಗೆ ಕಲಿಸುತ್ತಿದ್ದ.

ಬಿಯರಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆಯೇ ಎಂದು ಊರಿನ ಗೆಳೆಯರು ಕೇಳುತ್ತಾರೆ. ಇಲ್ಲ. ಆ ಹಳ್ಳಿಗಳ ಸಾರಾಯಿ ಅಂಗಡಿಗಳು ಕಣ್ಣ ಮುಂದಿನಿಂದ ಹೋಗಿಲ್ಲ. ದಾಸ್ತಾನು ಪುಸ್ತಕ ಈಗಲೂ ವಾರವಾರ ಬರುತ್ತದೆ, ನಾನು ಈಗಲೂ ಮೊದಲು ಗೆಳೆಯರ ಕಾಲಮ್ಮನ್ನೇ ನೋಡುತ್ತೇನೆ. ಬರುವ ಶನಿವಾರಕ್ಕೆ ನಾಲ್ಕೂವರೆ ಕಿಲೋ ಕಾಳು, ಹದಿಮೂರೂವರೆ ಲೀಟರ್ ಮೊದಲ ನೀರು. ಗ್ಯಾರೇಜು ಹತ್ತು ಡಿಗ್ರಿ ಇದೆಯಂತೆ. ಎಪ್ಪತ್ನಾಲ್ಕು ಪಾಯಿಂಟ್ ಎಂಟು ಎಂದು ಬರೆದಿಟ್ಟಿದ್ದೇನೆ.